ಆನೆದೋಸೆಯ ಎಡಗಿವಿ

ಆನೆಯ ಎಡಗಿವಿ ಕಾವಲಿಗೆ ಅಂಟಿಕೊಂಡಿತ್ತು. ಪರಿಮಳಾ ಅದನ್ನು ಮೆಲ್ಲಗೆ ಎಬ್ಬಿಸಿ, ಜೀರಿಗೆಯ ಕಣ್ಣಿಟ್ಟು, ಎರಡೂವರೆ ವರ್ಷದ ಮಗಳು ಮಾನ್ವಿಯ ತಟ್ಟೆಗೆ ಹಾಕಿದಳು. ‘ಹಟಮಾರಿ ಮಗುವಿಗೆ ಐದೇ ನಿಮಿಷದ ಊಟ’ ಎಂಬ ವಿಡಿಯೊವನ್ನು ಗಂಡ ಸುಹಾಸ ಶಿರಸಿಯ ಆಫೀಸಿನಿಂದ ಕಳಿಸಿದ್ದ. ಕಳಿಸಲು ಅವನಿಗೆ ಐದು ಸೆಕೆಂಡೂ ಹಿಡಿದಿರಲಿಲ್ಲ. ಬೀಟ್‌ರೂಟ್ ಇಡ್ಲಿ, ನಕ್ಷತ್ರದ ಚಪಾತಿ ಎಲ್ಲ ಈಗಾಗಲೇ ಎಮ್ಮೆಯ ಬಕೇಟು ಸೇರಿದ್ದವು. ಮನೆಯಲ್ಲಿ ಮೈತುಂಬಿಕೊಂಡದ್ದು ಎಮ್ಮೆಯೊಂದೇ.

ಮಾನ್ವಿ ಆನೆಯನ್ನು ನೋಡಿ ಬಾಯಿ ಬಿಗಿದಳು.

“ಆನು ನಾಕು ಮಕ್ಕಳ ಸಾಕಿದ್ದೆ. ಒಂದಕ್ಕೂ ಆನೆ ಎರದ್ನಿಲ್ಲೆ,” ಎಂದರು ಅತ್ತೆ.

“ಅದಕ್ಕೇ ನಿಮ್ಮ ಮಗಂಗೆ ಇವತ್ತಿಗೂ ಬದನೆಕಾಯಿ ಸೇರ್ತಿಲ್ಲೆ, ಅತ್ತೆ.”

ಆ ಮನೆಯಲ್ಲಿ ಸೊಸೆಯ ಊಟ ಎಲ್ಲರದೂ ಮುಗಿದ ಮೇಲೆ. ಮಧ್ಯಾಹ್ನ ಎರಡೂವರೆಗೆ ಪರಿಮಳಾ ತಣ್ಣಗಾದ ಅನ್ನಕ್ಕೆ ತಂಬುಳಿ ಹಾಕಿಕೊಂಡು ಕೂತಳು. ಮಾನ್ವಿ ದಿನದಂತೆ ಬಂದು ತೊಡೆಯೇರಿ, ಅಮ್ಮನ ಕೈಗೆ ಬಾಯಿ ತೆರೆದಳು. ಒಂದು ತುತ್ತು, ಎರಡು, ಏಳು. ಕೂಸಿಗೆ ಬೇಕಿದ್ದದ್ದು ಆನೆಯಲ್ಲ, ಊಟ ಮಾಡುತ್ತಿರುವ ಅಮ್ಮ. ಅದನ್ನು ನೋಡಬೇಕಾದವರೆಲ್ಲ ಹೊಟ್ಟೆ ತುಂಬಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು.

ಫೋನು ಕಿಣಿಗುಟ್ಟಿತು. ‘ಆನೆ ಖಾಲಿಯಾ? ನಾಳೆಗೆ ಮೊಲ ಕಳಿಸಲಾ?’

ನಾಳೆ ಹನ್ನೆರಡಕ್ಕೆ, ಅನ್ನದ ಹಬೆ ಆರುವ ಮೊದಲು, ಯಾರಿಗೂ ಬಡಿಸುವ ಮೊದಲು ತನ್ನ ತಟ್ಟೆ ಹಾಕಿಕೊಂಡು ಕೂರುವುದೆಂದು ಪರಿಮಳಾ ನಿಶ್ಚಯಿಸಿದಳು. ಗಂಡನಿಗೆ ಬರೀ ಒಂದು ಹೆಬ್ಬೆರಳೆತ್ತಿದ ಚಿತ್ರ ಕಳಿಸಿ, ಎಂಟನೆಯ ತುತ್ತು ಕಲಸಿದಳು.