ಬೀರಾನಾಕನ ಉಳಿದ ಗಂಟೆಗಳು

ಕೊನೆಯ ಸ್ನಾನಕ್ಕೆ ಮಲಗಿಸಿದ್ದ ಬಾಪನ ಎಡ ಭುಜವನ್ನು ನಜೀಬ್ ಮೆಲ್ಲಗೆ ಒತ್ತಿ ಹಲಗೆಗೆ ತಾಗಿಸಲು ನೋಡಿದ. ಅದು ತಾಗಲಿಲ್ಲ. ಕೈ ತೆಗೆದೊಡನೆ ಮತ್ತೆ ಕಿವಿಯ ಕಡೆಗೆ ಎದ್ದು ನಿಂತಿತು. ಇನ್ನೊಮ್ಮೆ ಒತ್ತಿದ.

"ಇರಲಿ ಬಿಡು," ಎಂದರು ನೀರು ಹೊಯ್ಯುತ್ತಿದ್ದ ಮಸೀದಿಯ ಉಸ್ತಾದರು. "ಅದು ಅವರ ಭುಜ. ಹಾಗೆಯೇ ಹೋಗಲಿ."

ಫೋನಿನ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ವಯರು ಜೋಡಿಸುತ್ತಾ ವರ್ಷಗಟ್ಟಲೆ ದುಡಿದ ಭುಜ ಅದು. ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ, ಕಟಪಾಡಿ ಜಂಕ್ಷನ್ನಿನ ಒಂದು ಮಾಳಿಗೆ ಕೋಣೆಯಿಂದ ಕಾಪುವಿಗೂ ಉಡುಪಿಗೂ ಕಾರ್ಕಳಕ್ಕೂ ಇಂಟರ್ನೆಟ್ ಕೊಟ್ಟ 'ಕಡಲ್ ನೆಟ್' ಕಂಪೆನಿ ನಜೀಬನ ಬಾಪ ಬೀರಾನ್ ಅವರದ್ದು. ಗಿರಾಕಿಗಳು ಗಂಟೆಗಳ ಲೆಕ್ಕದಲ್ಲಿ ಇಂಟರ್ನೆಟ್ ಕೊಳ್ಳುತ್ತಿದ್ದರು. ಮನೆಯ ಕಂಪ್ಯೂಟರಿನಿಂದ ಬೀರಾನ್ ಅವರ ನಂಬರಿಗೆ ಡಯಲ್ ಮಾಡಿದರೆ ಇಲ್ಲಿ ಒಂದು ಮೋಡೆಮ್ ಕೀಚಲು ದನಿಯಲ್ಲಿ ಓಗೊಡುತ್ತಿತ್ತು. ಕಾಪುವಿನ ಎಷ್ಟೋ ಮನೆಗಳಿಗೆ ದುಬೈಯಿಂದ ಮೊದಲ ಇ-ಮೇಲ್ ಬಂದದ್ದು ಆ ದನಿಯ ಹಿಂದಿನಿಂದಲೇ.

ಮೈಗೆ ಸುತ್ತುವ ಕಫನಿನ ಬಟ್ಟೆ ತರಲು ಹೊರಗೆ ಬಂದ ನಜೀಬನನ್ನು ಬಾವಿಕಟ್ಟೆಯ ಹತ್ತಿರ ರಾಝಿಕ್ ಮಾಮ ತಡೆದ. ನಜೀಬನ ಉಮ್ಮ ಖದೀಜಮ್ಮನ ಕಿರಿಯ ತಮ್ಮ. ಶಾರ್ಜಾದಲ್ಲಿ ಅಂಗಡಿ ಇಟ್ಟು ಗೆದ್ದು ಬಂದವ.

"ಎಂತ, ಆ ಗಂಟೆಗಳ ವಿಷಯ ನಿಜವಾಗಿಯೂ ಕೇಳುತ್ತೀಯಾ?"

"ಬಾಪ ಹೇಳಿದ್ದಾರೆ, ಮಾಮ."

"ಹುಷಾರಿಲ್ಲದವರು ನೂರು ಹೇಳುತ್ತಾರೆ ಮಾರಾಯ. ನಾಲ್ಕು ಊರಿನ ಜನ ಸೇರಿದ್ದಾರೆ. ಮಯ್ಯತ್ತಿನ ಮುಂದೆ ನಿಂತು ಇಂಟರ್ನೆಟ್ಟು ಅಂತ ನೀನು ಹೇಳುವುದು, ಅವರು ನಗುವುದು. ಮುಳುಗಿದ ಕಂಪೆನಿಯನ್ನು ಇವತ್ತೇ ಮೇಲೆತ್ತಬೇಕಾ?"

"ಮುಳುಗಿದ್ದಲ್ಲ. ಮುಚ್ಚಿದ್ದು."

"ಎರಡೂ ಒಂದೇ ಅಲ್ವಾ?"

ಮಯ್ಯತ್ತು, ಅಂದರೆ ಶವ, ಎತ್ತುವ ಮೊದಲು ಮನೆಯವರೊಬ್ಬರು ಅಂಗಳದಲ್ಲಿ ನಿಂತು ಒಂದು ಮಾತು ಕೇಳುವುದು ವಾಡಿಕೆ: ಇವರಿಂದ ಯಾರಿಗಾದರೂ ಏನಾದರೂ ಬರಬೇಕಾದದ್ದಿದ್ದರೆ ಹೇಳಿ, ನಾವು ಕೊಡುತ್ತೇವೆ, ಇಲ್ಲವಾದರೆ ಮನಸ್ಸಿನಿಂದ ಬಿಟ್ಟುಕೊಡಿ. ಸಾಮಾನ್ಯವಾಗಿ ಯಾರೂ ಬಾಯಿ ತೆರೆಯುವುದಿಲ್ಲ, ತಲೆ ತಗ್ಗಿಸಿ ನಿಲ್ಲುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಬಾಪ ಅವನ ಮಣಿಕಟ್ಟು ಹಿಡಿದು ಹೇಳಿದ್ದರು, "ಸುಮ್ಮನೆ ಶಾಸ್ತ್ರಕ್ಕೆ ಕೇಳಬೇಡ. ಗಂಟೆಗಳ ಹೆಸರು ಹಿಡಿದು ಕೇಳು. ಜನ ನನ್ನಿಂದ ಕೊಂಡದ್ದು ಗಂಟೆ."

ಬೆಳಿಗ್ಗೆಯಿಂದ ಆ ವಾಕ್ಯವನ್ನು ಮನಸ್ಸಿನಲ್ಲೇ ಹತ್ತಾರು ಸಲ ತಿದ್ದಿದ್ದ ನಜೀಬ್. ಸಂಜೆ ಕಾಲೇಜಿನಲ್ಲಿ ಓದುತ್ತಿದ್ದಾಗ ಒಮ್ಮೆ ವಂದನಾರ್ಪಣೆಗೆ ನಿಂತು, ಅಧ್ಯಕ್ಷರ ಹೆಸರೇ ಮರೆತು, ಕಾಗದವಿಲ್ಲದ ಕೈಯನ್ನೇ ನೋಡುತ್ತಾ ನಿಂತಿದ್ದವ ಅವನು. ಇವತ್ತು ಹಾಗಾದರೆ? ಜನ ನಕ್ಕರೆ, ನಗುವುದು ಅವನನ್ನಲ್ಲ. ಬಿಳಿ ಬಟ್ಟೆಯೊಳಗೆ ಮಲಗಿದವರನ್ನು.

*

ಕಡಲ್ ನೆಟ್ ಬಿಟ್ಟು ಮೊದಲು ಹೋದವರು ಮಣಿಪಾಲದ ವಿದ್ಯಾರ್ಥಿಗಳು. ಅವರ ಹಾಸ್ಟೆಲುಗಳಿಗೆ ಕೇಬಲ್ ಬಂತು. ಆಮೇಲೆ ಉಡುಪಿಯ ಅಂಗಡಿಗಳಿಗೆ ಬ್ರಾಡ್‌ಬ್ಯಾಂಡ್ ಬಂತು. ಸಂಜೆಯಾದರೆ ಲೈನೇ ಸಿಗುವುದಿಲ್ಲ ಎಂದು ಜನ ಬೈಯುತ್ತಿದ್ದ ಕಟಪಾಡಿಯ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಸಾಲಾಗಿ ಕೂತ ಮೋಡೆಮುಗಳಲ್ಲಿ ಅಲ್ಲೊಂದು ಇಲ್ಲೊಂದು ದೀಪ ಮಾತ್ರ ಮಿನುಗತೊಡಗಿತು. ಬೇರೆ ಊರುಗಳಲ್ಲಿ ಇಂಥದೇ ಕಂಪೆನಿ ನಡೆಸುತ್ತಿದ್ದವರು ಒಂದು ಬೆಳಿಗ್ಗೆ ಶಟರ್ ಎಳೆದು ಫೋನ್ ಎತ್ತದೆ ಕುಳಿತರು.

ಬೀರಾನ್ ಬಾಗಿಲಿಗೆ ಬೋರ್ಡು ಹಾಕಿದರು: 'ಹೊಸ ಕನೆಕ್ಷನ್ ಇಲ್ಲ. ದಯವಿಟ್ಟು ನಿಮ್ಮ ಗಂಟೆಗಳನ್ನು ಮುಗಿಸಿಕೊಳ್ಳಿ.' ಯಾರೂ ಮುಗಿಸಲಿಲ್ಲ. ಯಾರಿಗೆ ಬೇಕಿತ್ತು ಆ ಆಮೆಗತಿಯ ಇಂಟರ್ನೆಟ್? ಆಗ ಅವರು ಸ್ಕೂಟರ್ ಹತ್ತಿದರು. ಪರ್ಕಳದ ಬಾಡಿಗೆ ಕೋಣೆಗಳಿಗೆ, ಅಜೆಕಾರಿನ ಗದ್ದೆ ಬದಿಯ ಮನೆಗಳಿಗೆ ಹೋಗಿ ಕೂತರು. ಹಣ ಹಿಂದೆ ಕೊಡಲು ಹೋದರೆ ಜನ ಕೈ ಬೀಸಿ, ಚಾ ಕುಡಿಸಿ ಕಳಿಸಿದರು. ಕೊನೆಗೆ, ತಮ್ಮ ಗಿರಾಕಿಗಳ ಮನೆಯಲ್ಲಿ ಬೇರೆಯವರ ಬ್ರಾಡ್‌ಬ್ಯಾಂಡನ್ನು ತಾವೇ ಕೂತು ಸರಿಯಾಗಿ ಜೋಡಿಸಿ ಕೊಟ್ಟು ಬಂದರು.

ಮುಚ್ಚುವ ದಿನ ನಜೀಬ್ ಜೊತೆಗಿದ್ದ. ಮೋಡೆಮುಗಳನ್ನು ಒಂದೊಂದಾಗಿ ಆರಿಸುತ್ತಾ ಬಂದ ಬಾಪ ಕೊನೆಯ ಸಾಲಿನಲ್ಲಿ ಕೈ ಹಿಂದೆಗೆದರು. ಒಂದರ ದೀಪ ಉರಿಯುತ್ತಿತ್ತು.

"ಯಾರೋ ಮಾತಾಡುತ್ತಿದ್ದಾರೆ," ಎಂದರು.

"ಅರ್ಧದಲ್ಲಿ ಕಟ್ಟಾಗುವುದು ಅವರಿಗೆ ಅಭ್ಯಾಸ ಉಂಟು ಬಾಪ."

"ಲೈನು ಕಡಿಯುವುದು ಬೇರೆ, ನಾನು ಕಡಿಯುವುದು ಬೇರೆ."

ಕುರ್ಚಿ ಎಳೆದು, ದೀಪ ತಾನಾಗಿ ಆರುವವರೆಗೆ ಕೂತರು. ಆ ಒಂದು ಮೋಡೆಮನ್ನು ಮಾತ್ರ ಮನೆಗೆ ತಂದು, ಗಂಟೆ ಉಳಿದವರಿಗಾಗಿ ಮನೆಯ ಲೈನಿಗೇ ಸಿಕ್ಕಿಸಿದರು. ವರ್ಷಗಳ ನಂತರ ಹೆದ್ದಾರಿ ಅಗಲವಾಗುವಾಗ ಹಳೆಯ ತಾಮ್ರದ ತಂತಿ ನೆಲದಿಂದ ಕಿತ್ತು ಬಂತು, ಅದೂ ನಿಂತಿತು. ಯಾರದ್ದೆಷ್ಟು ಉಳಿದಿದೆ ಎಂದು ಹೇಳಬಲ್ಲ ಕಂಪ್ಯೂಟರು ಅಷ್ಟರಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಇನ್ನು ಅದು ಗೊತ್ತಿದ್ದದ್ದು ಜನರಿಗೆ ಮಾತ್ರ.

*

ಅಂಗಳ ತುಂಬಿತ್ತು. ಗೇಟಿನ ಹತ್ತಿರ ಕಾರ್ಕಳದ ಬೇಕರಿಯ ಲಿಯೋನೆಲ್ ಪಕ್ಕದವರಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಓವನಿನಲ್ಲಿ ಬ್ರೆಡ್ ಉಂಟು, ಇವರು ಬಂದು ಕೂತರು. 'ಲಿಯೋನೆಲ್, ನಿಮ್ಮದು ಏಳು ಗಂಟೆ ಉಂಟು, ದಯಮಾಡಿ ಮುಗಿಸಿ' ಅಂತ. ಬೀರಾನಾಕ, ನನಗೆ ಬ್ರಾಡ್‌ಬ್ಯಾಂಡ್ ಬಂದಿದೆ ಅಂದೆ. 'ಅದು ಬಂದರೆ ಬರಲಿ, ಇದೂ ನಿಮ್ಮದೇ ಅಲ್ವಾ?' ಸಾಲ ಕೇಳಲು ಬಂದವರನ್ನು ನೋಡಿದ್ದೇನೆ ಮಾರಾಯ್ರೆ, ತಗೊಳ್ಳಿ ತಗೊಳ್ಳಿ ಅಂತ ಬೆನ್ನು ಹತ್ತಿದವರನ್ನು ನೋಡಿದ್ದು ಅವರೊಬ್ಬರನ್ನೇ."

ಮಯ್ಯತ್ತು ಹೊರಗೆ ಬಂತು. ರಾಝಿಕ್ ಮಾಮ ನಜೀಬನ ಕಿವಿಯಲ್ಲಿ ಅಂದ, "ಎರಡು ಮಾತು ಸಾಕು. ಬಾಕಿ ನಾನು ನೋಡಿಕೊಳ್ಳುತ್ತೇನೆ."

ನಜೀಬ್ ಬಾಯಿ ತೆರೆದ. ತಿದ್ದಿ ತೀಡಿದ ವಾಕ್ಯದ ಮೊದಲ ಪದವೇ ಸಿಗಲಿಲ್ಲ. ಆಗ ಒಳಕೋಣೆಯ ಕಿಟಿಕಿಯ ಪರದೆಯ ಹಿಂದಿನಿಂದ ಉಮ್ಮನ ದನಿ ಬಂತು. ಬೆಳಿಗ್ಗೆಯಿಂದ ಖದೀಜಮ್ಮ ಒಂದು ಮಾತೂ ಆಡಿರಲಿಲ್ಲ.

"ಕೇಳು ಮೋನೇ. ಗಟ್ಟಿಯಾಗಿ ಕೇಳು. ಅವರು ಗಟ್ಟಿಯಾಗಿಯೇ ಮಾರಿದ್ದು."

ನಜೀಬ್ ಒಂದು ಹೆಜ್ಜೆ ಮುಂದೆ ಬಂದ.

"ನನ್ನ ಬಾಪ ಇಂಟರ್ನೆಟ್ ಮಾರುತ್ತಿದ್ದರು," ಎಂದ. "ನಿಮ್ಮಲ್ಲಿ ಕೆಲವರ ಗಂಟೆಗಳು ಅವರಲ್ಲಿ ಉಳಿದಿವೆ. ಎಷ್ಟು ಅಂತ ನಮಗೆ ಗೊತ್ತಿಲ್ಲ, ನಿಮಗೆ ಗೊತ್ತುಂಟು. ಬೇಕಿದ್ದವರು ಹೇಳಿ, ನಾನು ಕೊಡುತ್ತೇನೆ. ನಾನು ಪರ್ಕಳದಲ್ಲಿ ಫೈಬರ್ ಎಳೆಯುವ ಕೆಲಸದಲ್ಲಿದ್ದೇನೆ, ಮನೆಗೇ ಬಂದು ಕೊಡುತ್ತೇನೆ. ಬೇಡವಾದರೆ ಮನಸ್ಸಿನಿಂದ ಬಿಟ್ಟುಕೊಡಿ."

ಯಾರೂ ನಗಲಿಲ್ಲ. ಲಿಯೋನೆಲ್ ಕೈ ಎತ್ತಿ, "ನನ್ನದು ಬಿಟ್ಟೆ," ಎಂದ. ಮಣಿಪಾಲದ ಯಾರೋ ಡಾಕ್ಟರು, "ನಾನೂ," ಎಂದರು. ಅಲ್ಲಲ್ಲಿ ತಲೆಗಳು ಆಡಿದವು. ಅಷ್ಟರಲ್ಲಿ ತೆಂಗಿನ ಬುಡದಿಂದ ಒಂದು ಒಡಕು ದನಿ ಎದ್ದಿತು.

"ನನ್ನದು ಮೂರು ಗಂಟೆ ಉಂಟು. ನಾನು ಬಿಡುವುದಿಲ್ಲ."

ಚಂದು. ಕಾಪುವಿನ ದೋಣಿಯ ಚಂದು, ಬಾಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವ. ಕಣ್ಣು ಕೆಂಪಾಗಿತ್ತು.

ತೀರಿಕೊಂಡವರ ಮೇಲೆ ಬಿಡದ ಬಾಕಿ ಉಳಿದರೆ ಅದರ ಭಾರ ಅವರೊಂದಿಗೇ ಹೋಗುತ್ತದೆ ಎಂದು ನಂಬುವವರು ಒಬ್ಬರನ್ನೊಬ್ಬರು ನೋಡಿಕೊಂಡರು. "ನಾನು ಹೇಳಿದ್ದೆನೋ ಇಲ್ಲವೋ," ಎಂದು ರಾಝಿಕ್ ಮಾಮ ಹಲ್ಲು ಕಚ್ಚಿದ.

"ಚಂದಣ್ಣ," ಎಂದ ನಜೀಬ್, "ನಾಳೆಯೇ ಬಂದು ಕನೆಕ್ಷನ್ ಹಾಕಿಕೊಡುತ್ತೇನೆ. ಮೂರು ಗಂಟೆ ಅಲ್ಲ, ನಿಮಗೆ ಬೇಕಾದಷ್ಟು."

"ನಿನ್ನದು ಯಾರಿಗೆ ಬೇಕು ಮಗಾ? ನನಗೆ ಅವನದ್ದೇ ಬೇಕು."

ಉಸ್ತಾದರು ನಜೀಬನ ಬೆನ್ನು ಮುಟ್ಟಿದರು. "ನಮಾಝಿಗೆ ಹೊತ್ತಾಯಿತು. ಹೊರಡೋಣ."

*

ಕಡಲ್ ನೆಟ್ ನಡೆಯುತ್ತಿದ್ದ ಕಾಲದಲ್ಲಿ, ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿಯುವ ದಿನಗಳಲ್ಲಿ ಚಂದು ಮಧ್ಯಾಹ್ನ ಕಟಪಾಡಿಯ ಮಾಳಿಗೆ ಹತ್ತುತ್ತಿದ್ದ. ಕೊಂಡ ಗಂಟೆಗಳನ್ನು ಅವನು ಖರ್ಚು ಮಾಡಿದ್ದು ಒಂದೇ ವಿಷಯಕ್ಕೆ: ಗಾಳಿಮಳೆ ಉಂಟೋ ಎಂದು ನೋಡಲು, ಆಕಾಶದಿಂದ ತೆಗೆದ ಮೋಡಗಳ ಚಿತ್ರ. ಪರದೆಯ ಮೇಲೆ ಅದು ನೂಲು ನೂಲಾಗಿ ಇಳಿಯುತ್ತಿತ್ತು. ಮೊದಲು ಗುಜರಾತು, ಚಾ ಬರುವಾಗ ಮುಂಬೈ, ಚಾ ಮುಗಿಯುವಾಗ ಗೋವಾ.

"ನಿನ್ನ ಇಂಟರ್ನೆಟ್ಟಿಗಿಂತ ನನ್ನ ದೋಣಿ ಬೇಗ ಬರುತ್ತದೆ ಮಾರಾಯ," ಎನ್ನುತ್ತಿದ್ದ ಚಂದು.

"ನಿನ್ನ ದೋಣಿಯಲ್ಲಿ ಗುಜರಾತು ಕಾಣುತ್ತದಾ?"

ಒಂದು ಸಲ ಗೋವಾದವರೆಗೆ ಬಂದ ಚಿತ್ರ ಅಲ್ಲಿಯೇ ನಿಂತಿತು. ಲೈನು ಹೋಗಿತ್ತು. ಮತ್ತೆ ಮತ್ತೆ ಡಯಲ್ ಮಾಡಿದರೂ ಗೋವಾದಿಂದ ಕೆಳಗೆ ಬರೀ ಬೂದು ಬಣ್ಣ. ಕೆಳಗೆ ಚಂದುವಿನ ಜೊತೆಯವರು ಕಾಯುತ್ತಿದ್ದರು. ಏನೂ ಇಲ್ಲ, ಹೋಗಿ ಎಂದು ಹೇಳಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು.

"ನಮ್ಮ ಕಡಲು ನನಗೆ ಕಾಣಲಿಲ್ಲ," ಎಂದರು ಬೀರಾನ್. "ಕಾಣದ್ದನ್ನು ಹೇಳಲಾರೆ."

ಚಂದು ಕಡಲಿಗೆ ಹೋಗಲಿಲ್ಲ. ಗಾಳಿಯೂ ಬರಲಿಲ್ಲ, ಮಳೆಯೂ ಬರಲಿಲ್ಲ. ಹೋದವರ ದೋಣಿಗಳು ಬಂಗುಡೆ ತುಂಬಿಕೊಂಡು ಬಂದವು. ಇಡೀ ಕಾಪು ನಕ್ಕಿತು. ಮಾರನೆಯ ದಿನ ಮಧ್ಯಾಹ್ನ ಚಂದು ಮತ್ತೆ ಮಾಳಿಗೆ ಹತ್ತಿ ಅದೇ ಕುರ್ಚಿಯಲ್ಲಿ ಕೂತ. "ಹಾಕು ನೋಡುವ," ಎಂದ, "ಇವತ್ತು ಎಲ್ಲಿಯವರೆಗೆ ಬರುತ್ತದೆ."

*

ಮಸೀದಿಯಲ್ಲಿ ನಮಾಝ್ ಮುಗಿಯುವವರೆಗೆ ಲಿಯೋನೆಲ್ ಮತ್ತು ಚಂದು ಹೊರಗೆ ರಸ್ತೆ ಬದಿಯಲ್ಲಿ ನಿಂತಿದ್ದರು. ನಜೀಬ್ ಮಯ್ಯತ್ತು ಹೊತ್ತ ಮಂಚದ, ಕಟ್ಟಿಲಿನ, ಮುಂದಿನ ಕಾಲಿಗೆ ಹೆಗಲು ಕೊಟ್ಟು ಹೊರಬರುವಾಗ ಚಂದುವಿನ ಮುಖ ಕಪ್ಪಿಟ್ಟಿತ್ತು. ಲಿಯೋನೆಲ್ ಹೇಳಿರಬೇಕು.

ಖಬರಸ್ತಾನದ ಗೇಟಿನಲ್ಲಿ ಚಂದು ನಜೀಬನ ತೋಳು ಹಿಡಿದ. "ಭಾರ ಅವನ ಮೇಲೆ ಉಳಿಯುತ್ತದಂತೆ. ಹೌದಾ?"

"ಹಾಗೆ ಹೇಳುತ್ತಾರೆ, ಚಂದಣ್ಣ."

"ಮೊದಲೇ ಹೇಳಬಾರದಿತ್ತಾ ಮಗಾ? ನಾನೆಂತ ಅವನಿಗೆ ಭಾರ ಹೊರಿಸಲು ಹೇಳಿದ್ದಾ? ಅದನ್ನೂ ಬಿಟ್ಟುಬಿಟ್ಟರೆ ಅವನಿಗೂ ನನಗೂ ನಡುವೆ ಎಂತ ಉಳಿಯುವುದು ಅಂತ..."

ಕಾಪುವಿನ ನೆಲ, ಅಗೆದಷ್ಟೂ ಹೊಯಿಗೆ, ಕಡಲ ಬದಿಯ ಮರಳು. ಬಾಪನನ್ನು ಇಳಿಸಿ, ಕಲ್ಲು ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ತಲೆಯ ಕಡೆ ಬಂದು ಮಣ್ಣು ಹಾಕತೊಡಗಿದರು. ನಜೀಬ್ ಮೊದಲು ಹಾಕಿದ, ರಾಝಿಕ್ ಮಾಮ ಹಾಕಿದ. ಚಂದು ಸಾಲಿನಲ್ಲಿ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ.

"ಎಷ್ಟು ಹಿಡಿ ಹಾಕಬೇಕು?"

"ಮೂರು," ಎಂದರು ಉಸ್ತಾದರು.

ಚಂದು ತಲೆ ಎತ್ತಿ ಅವರನ್ನು ನೋಡಿದ. ಆಮೇಲೆ ಬಲೆ ಎಳೆದು ದಡ್ಡುಗಟ್ಟಿದ ಕೈಯಿಂದ ಹೊಯಿಗೆ ತುಂಬಿಕೊಂಡ.

"ಬೀರಾನ್," ಎಂದ, ಮಾಳಿಗೆಯ ಕೆಳಗೆ ನಿಂತು ಕರೆಯುವ ಹಾಗೆ. "ಇದು ಒಂದು ಗಂಟೆ. ಬಿಟ್ಟೆ."

ಎರಡನೆಯ ಹಿಡಿ. "ಇದೂ ಬಿಟ್ಟೆ."

ಮೂರನೆಯ ಹಿಡಿಯನ್ನು ಹಾಕಲಿಲ್ಲ. ಮುಷ್ಟಿ ಕಟ್ಟಿ ಕೂತ. ಸಾಲು ಕಾಯಿತು. ಯಾರೂ ಬೇಗ ಎನ್ನಲಿಲ್ಲ, ರಾಝಿಕ್ ಮಾಮ ಕೂಡ. ಬಿಗಿ ಹಿಡಿದಷ್ಟೂ ಒಣ ಹೊಯಿಗೆ ಬೆರಳ ಸಂದುಗಳಿಂದ ತಾನಾಗಿ ಇಳಿಯುತ್ತಿತ್ತು. ಅರ್ಧ ಇಳಿದ ಮೇಲೆ ಚಂದು ಕೈ ಬಿಡಿಸಿದ.

"ಹೋಗು," ಎಂದ. "ನಿನ್ನದು ಚುಕ್ತಾ."

ಅವನ ಹಿಂದೆ ಇದ್ದವ ಲಿಯೋನೆಲ್. ಮೂರು ಹಿಡಿ ಹಾಕಿ ಏಳಲಿಲ್ಲ. "ಉಸ್ತಾದರೆ, ನನ್ನದು ಏಳು ಉಂಟು. ಹಾಕಬಹುದಾ?"

ಉಸ್ತಾದರು ಕ್ಷಣ ಯೋಚಿಸಿ ತಲೆಯಾಡಿಸಿದರು. ಲಿಯೋನೆಲ್ ಒಂದೊಂದಾಗಿ ಹಾಕಿದ. ಮಣಿಪಾಲದ ಡಾಕ್ಟರು ಪ್ಯಾಂಟು ಮೇಲೆ ಸರಿಸಿ ಕೂತು, "ನನ್ನದು ಎಷ್ಟೆಂದು ಸರಿಯಾಗಿ ನೆನಪಿಲ್ಲ. ಹೆಚ್ಚೇ ಇರಲಿ," ಎನ್ನುತ್ತಾ ಎರಡೂ ಕೈಗಳಿಂದ ತುಂಬಿ ಹಾಕಿದರು. ಅಜೆಕಾರಿನಿಂದ ಬಸ್ಸು ಹತ್ತಿ ಬಂದ ಮುದುಕರೊಬ್ಬರು ತಮ್ಮದನ್ನು ಹಾಕಿ, ಬರಲಾಗದ ತಮ್ಮನ ಲೆಕ್ಕದ್ದೂ ಹಾಕಿದರು. ಒಮ್ಮೆ ಹಾಕಿ ಹೋದವರು ಮರಳಿ ಸಾಲಿಗೆ ಸೇರಿದರು. ಮಣ್ಣು ಎಳೆದು ಮುಚ್ಚಲು ಹಾರೆ ಹಿಡಿದು ಬದಿಯಲ್ಲಿ ನಿಂತಿದ್ದ ಇಬ್ಬರು ನಿಂತೇ ಇದ್ದರು. ರಾಝಿಕ್ ಮಾಮ ಮೊಣಕೈವರೆಗೆ ತೋಳು ಮಡಚಿ ಮತ್ತೆ ಬಂದು ಕೂತ.

"ನಿಮಗೂ ಇತ್ತಾ ಮಾಮ?" ಎಂದ ನಜೀಬ್.

"ಶಾರ್ಜಾಕ್ಕೆ ಹೋಗುವ ಮೊದಲು ಇವರ ಕೋಣೆಯಲ್ಲೇ ಅಲ್ವಾ ನಾನು ಕೆಲಸದ ಅರ್ಜಿ ಕಳಿಸಿದ್ದು," ಎಂದ ಮಾಮ, ಮುಖ ಎತ್ತದೆ. "ನನ್ನಿಂದ ಯಾವತ್ತೂ ಗಂಟೆಯ ಹಣ ಕೇಳಿರಲಿಲ್ಲ."

ಗುಂಡಿ ತುಂಬಿ, ನೆಲದ ಮಟ್ಟ ದಾಟಿ, ದಿಬ್ಬ ಎದ್ದಿತು. ಎಲ್ಲರೂ ಒಂದೇ ಬದಿಯಿಂದ ಕೂತು ಹಾಕಿದ್ದರಿಂದ ಅದು ಒಂದು ಕಡೆ, ಭುಜ ಎತ್ತಿದ ಹಾಗೆ, ಎತ್ತರವಾಗಿತ್ತು. ಕೊನೆಗೆ ಕೆಲಸ ಸಿಕ್ಕ ಸಮಾಧಾನದಲ್ಲಿ ಹಾರೆಯವನೊಬ್ಬ ಸಮ ಮಾಡಲು ಮುಂದೆ ಬಂದ.

ಆ ಎತ್ತರದ ಬದಿಯನ್ನೇ ನೋಡುತ್ತಿದ್ದ ನಜೀಬ್ ಹಾರೆಯ ಕೋಲಿಗೆ ಕೈ ಅಡ್ಡ ಇಟ್ಟ.

"ಇರಲಿ ಬಿಡು," ಎಂದ.