ಅಕ್ಕ ಕೇಳಿದ ಸ್ಯಾಕ್ಸೋಫೋನ್

ಒಣಗಿದ ಬಟ್ಟೆ ಮಡಚುತ್ತಿದ್ದವಳು ಅರ್ಧಕ್ಕೇ ಬಿಟ್ಟು ಸ್ಯಾಕ್ಸೋಫೋನ್ ಎತ್ತಿಕೊಂಡೆ. ಗಂಡ ಹೋದ ಮೇಲೆ ವರ್ಷಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಬ್ಯಾಂಡಿನಲ್ಲಿ ನನ್ನ ಪಕ್ಕ ಕೂತು ನುಡಿಸುತ್ತಿದ್ದ ಅಕ್ಕ ಈಗ ಹಾಸಿಗೆ ಹಿಡಿದಿದ್ದಳು. ‘ಒಂದ್ಸಲ ಬಂದು ನುಡಿಸೇ’ ಎಂದು ಬರೆದಿದ್ದಳು. ನುಡಿಸುವಂತಾದ ಮೇಲೆ ಉತ್ತರ ಬರೆಯೋಣವೆಂದು ತಡಮಾಡುತ್ತಲೇ ಬಂದಿದ್ದೆ.

ಊದುವ ತುದಿಗೆ ಕಟ್ಟುವ ರೀಡ್ ಪಟ್ಟಿಯನ್ನು ಬಾಯಲ್ಲಿ ನೆನೆಸಿ ಊದಿದೆ. ಕಟ್ಟಿಸಿದ ಹಲ್ಲು ಜಾರಿ, ಗಾಳಿಯೆಲ್ಲ ತುಟಿಯ ಪಕ್ಕದಿಂದ ಸೋರಿತು. ಹಲ್ಲು ತೆಗೆದಿಟ್ಟು ಊದಿದರೆ ತುಟಿಗೆ ಆಸರೆಯೇ ಇಲ್ಲ.

“ಅತ್ತೆ, ಯಾವ ಎಮ್ಮೆ ಕರು ಹಾಕ್ತಿದೆ?” ಎಂದು ಸೊಸೆ ಒಳಗಿನಿಂದ ಕೂಗಿದಳು.

“ಕರು ಉಳೀಲಿಲ್ಲ ಕಣೇ” ಅಂದೆ.

ನಗುತ್ತಾ ಬಂದವಳು ನನ್ನ ಮುಖ ನೋಡಿ, ನಾನು ಬಿಟ್ಟಿದ್ದ ಬಟ್ಟೆ ಮಡಚತೊಡಗಿದಳು.

ಅಕ್ಕನಿಗೆ ಬರೆದೆ: ‘ನನಗಿನ್ನು ನುಡಿಸೋಕಾಗಲ್ಲ. ಬರಿಗೈಲಿ ಬರ್ತೀನಿ. ನಾನು ಗುನುಗ್ತೀನಿ, ನೀನು ಹೊದಿಕೆ ಮೇಲೆ ಬೆರಳಾಡಿಸು.’

“ನಾನು ಹಾಕ್ಬರ್ತೀನಿ, ಕೊಡಿ” ಎಂದಳು ಸೊಸೆ. ಕೊಡಲಿಲ್ಲ. ನಾನೇ ನಡೆದುಹೋಗಿ ಅಂಚೆಪೆಟ್ಟಿಗೆಗೆ ಹಾಕಿದೆ.