ಹೆಸರು ಹೇಳಬಾರದ ಚೆಕ್ಕೆ

ಹೊಟ್ಟೆ ಕೆಟ್ಟಿತೆಂದರೆ ಅರಕೆರೆಯ ಕೆಳಗಿನ ಬೀದಿಯವರು ಮೊದಲು ತಟ್ಟುತ್ತಿದ್ದುದು ಚಿಕ್ಕಬೋರಮ್ಮನ ಬಾಗಿಲನ್ನು. ಹೊಣಕೆರೆಯ ಕಡೆಯಿಂದ ಸೊಸೆಯಾಗಿ ಬಂದಾಗ ಆಕೆ ತವರಿನಿಂದ ಒಂದು ಕಂಚಿನ ಬಟ್ಟಲನ್ನೂ ತಾಯಿ ಕಲಿಸಿದ ಒಂದು ಕಷಾಯವನ್ನೂ ತಂದಿದ್ದಳು. ಗುಡ್ಡದ ಮರದ ಚೆಕ್ಕೆಯನ್ನು ಕುಟ್ಟಿ, ಕುದಿಸಿ, ಬಟ್ಟಲಿಗೆ ಬಸಿದು ಕೊಡುವಳು, ಕಾಸು ಮುಟ್ಟಳು. ಮರದ ಹೆಸರನ್ನು ಮಾತ್ರ ಯಾರು ಕೇಳಿದರೂ ಹೇಳಳು. ಹೆಸರು ಹೊರಬಿದ್ದರೆ ಮದ್ದಿನ ಸತ್ವ ಹೋಗುತ್ತದೆಂಬುದು ತಾಯಿಯ ಕಟ್ಟಪ್ಪಣೆ.

ತೊಂಬತ್ತಾರನೆಯ ಇಸವಿಯಲ್ಲಿ ಆ ಬಟ್ಟಲು ಆಕೆಯ ಮೊಮ್ಮಗಳಿಗೇ ಬೇಕಾಯಿತು. ಹದಿನೇಳರ ರಂಜಿತ ದಿನಕ್ಕೆ ಎಂಟು ಸಲ ಚೊಂಬು ಹಿಡಿದು ಕಬ್ಬಿನ ಗದ್ದೆಯ ಕಡೆಗೆ ಓಡುತ್ತಿದ್ದಳು. ಮಲದೊಡನೆ ರಕ್ತ ಬೀಳುತ್ತಿತ್ತು. ಮೈಸೂರಿನ ಡಾಕ್ಟರಮ್ಮ ಕೊಳವೆ ಹಾಕಿ ನೋಡಿ, "ದೊಡ್ಡ ಕರುಳಿನಲ್ಲಿ ಉರಿಯೂತ, ಒಳಗೆಲ್ಲ ಹುಣ್ಣಾಗಿದೆ. ವಾಸಿಯಾದ ಹಾಗೆ ಕಂಡ್ರೂ ಮಾತ್ರೆ ಬಿಡಬಾರದು" ಎಂದು ಹಳದಿ ಮಾತ್ರೆ ಬರೆದುಕೊಟ್ಟರು. ಅಜ್ಜಿಯ ಕಷಾಯವೂ ಗುಟ್ಟಾಗಿ ಜೊತೆಗೆ ನಡೆಯಿತು. ಎರಡು ತಿಂಗಳಿಗೆ ರಕ್ತ ನಿಂತು, ಹುಡುಗಿಯ ಕೆನ್ನೆಗೆ ಬಣ್ಣ ಬಂತು.

"ನೋಡ್ದೇನವ್ವ ನಮ್ಮವ್ವನ ಮದ್ದ!" ಎಂದು ಅಜ್ಜಿ ಹಿಗ್ಗಿದಳು. "ಒಂದು ಒಟ್ಟೇಲಿ ಎರಡು ಮದ್ದಿದ್ರೆ ಜಗಳ ಆಡ್ತವೆ. ಆ ಅಳದಿ ಗುಳಿಗೆ ಇನ್ ಸಾಕು ಬುಡು."

ರಂಜಿತ ಅಜ್ಜಿಯ ಮಾತು ಮೀರಿದವಳಲ್ಲ. ಮಾತ್ರೆಯ ಡಬ್ಬಿ ಗೋಡೆಯ ಗೂಡು ಸೇರಿತು. ನಾಲ್ಕೇ ವಾರಕ್ಕೆ ರಕ್ತ ಮತ್ತೆ ಕಾಣಿಸಿತು. ಅಜ್ಜಿ ಚೆಕ್ಕೆ ಹೆಚ್ಚಿಸಿದಳು, ರಕ್ತವೂ ಹೆಚ್ಚಿತು. ಒಂದು ಬೆಳಗ್ಗೆ ಹುಡುಗಿ ಬಚ್ಚಲ ಬಾಗಿಲಲ್ಲೇ ಕುಸಿದಳು. ಅಜ್ಜಿ ಕೂಗುತ್ತಾ ಓಡಿಬಂದು ಎತ್ತಿಕೊಂಡಳು. ಎಪ್ಪತ್ತರ ಮುದುಕಿಯ ತೋಳಿಗೆ ಭಾರವೆನಿಸದಷ್ಟು ಹಗುರವಾಗಿತ್ತೇ ಈ ಮೈ?

ಬೀದಿಯ ಕೂಸುಗಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸು ಮಾದಮ್ಮ ಕೂಗು ಕೇಳಿ ಒಳಗೆ ಬಂದಳು. ಹುಡುಗಿಯ ಕಣ್ಣಿನ ರೆಪ್ಪೆ ಬಿಡಿಸಿದಳು. ಒಳಗೆ ಸುಣ್ಣದ ಬಿಳುಪು.

"ಮೈಸೂರಿನ ಮಾತ್ರೆ ತಗೋತಿದ್ದೀಯೇನವ್ವ?"

ರಂಜಿತ ಅಜ್ಜಿಯ ಮುಖ ನೋಡಿದಳು.

"ನಾನೇ ಬುಡಿಸ್ದೆ ಕಣ್ ಮಾದವ್ವ. ನಮ್ ಮದ್ದು ಕೊಡ್ತಿದ್ನಲ್ಲ."

"ಅದ್ನ ಡಾಕ್ಟ್ರಮ್ಮಂಗೆ ಏಳಿದ್ರಾ?"

"ಎಂಗ್ ಏಳಾದು? ಎಸ್ರು ಏಳುದ್ರೆ ಸತ್ವ ಓಯ್ತದೆ. ಅದೂ ಅಲ್ದೆ, ನಾಟಿ ಮದ್ದು ಅಂದ್ರೆ ನೀವು ಸೂಜಿ ಚುಚ್ಚೋರು ಉರ್ದು ಬೀಳ್ತೀರಿ."

ಮಾದಮ್ಮ ನಕ್ಕಳು. "ಚುಚ್ಚೋಳು ಆಗಾಕ್ ಮುಂಚೆ ನಾನೂ ಈ ಬಟ್ಲಲ್ಲೇ ಕುಡ್ದೋಳು ಕಣಜ್ಜಿ. ಆ ಕಯ್ಯಿ ರುಚಿ ಇನ್ನೂ ನಾಲ್ಗೆ ಮೇಲದೆ. ನಿಮ್ ಮದ್ದು ಸುಳ್ಳು ಅನ್ನಾಕಿಲ್ಲ. ಆದ್ರೆ ನಂದು ಬರೀ ಭೇದಿ, ಈ ಮಗೀಂದು ಬ್ಯಾರೆ ಕಾಯ್ಲೆ. ಎಸ್ರು ಏಳಬ್ಯಾಡಿ ಬುಡಿ. ಚೆಕ್ಕೆ ತೋರ್ಸಬ್ಯಾಡ ಅಂತ ನಿಮ್ಮವ್ವ ಏಳಿದ್ರಾ?"

ಚಿಕ್ಕಬೋರಮ್ಮ ಎದ್ದು ಚೆಕ್ಕೆ ಇಟ್ಟಿದ್ದ ಮೂಲೆಗೆ ಹೋದಳು. ಅವ್ವ ಹಾಗೆ ಹೇಳಿರಲಿಲ್ಲ.

ಅಜ್ಜಿಯ ಮಗ, ರಂಜಿತಳ ಅಪ್ಪ ನಿಂಗರಾಜು ಅವಳನ್ನು ಹೊತ್ತು ಬಸ್ಸು ಹತ್ತಿಸಿದ. ಅಜ್ಜಿ ಸೆರಗಿನ ತುದಿಗೆ ಚೆಕ್ಕೆ ಕಟ್ಟಿಕೊಂಡು ಹಿಂದೆಯೇ ಹತ್ತಿದಳು. ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರುವವರೆಗೂ ಆ ಗಂಟನ್ನು ಬಿಗಿಹಿಡಿದೇ ಇದ್ದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಚೆಕ್ಕೆಯನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದರು. "ಅಜ್ಜಿ, ಇಂಥ ಚೆಕ್ಕೆ, ಬೇರುಗಳ ಸಾರ ಈ ಕಾಯಿಲೆಗೆ ಆಗುತ್ತಾ ಅಂತ ಓದಿದವರು ಪರೀಕ್ಷೆ ಮಾಡ್ತಿದ್ದಾರೆ. ಮುಂದೆ ಆದರೂ ಆಗಬಹುದು. ಆದರೆ ಎಷ್ಟು ಕೊಡಬೇಕು, ಯಾರಿಗೆ ಒಗ್ಗುತ್ತೆ, ಮಾತ್ರೆ ಜೊತೆ ಸೇರಿದರೆ ಏನಾಗುತ್ತೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಅಲ್ಲೀವರೆಗೆ ಈ ಮಗುವಿನ ಕರುಳು ಕಾಯೋದಿಲ್ಲ."

"ಅಂಗಾದ್ರೆ ನನ್ ಕೂಸ್ನ ನಾನೇ ಸಾಯಿಸ್ತಿದ್ನಾ ತಾಯಿ?"

"ನೀವು ಕೊಟ್ಟಿದ್ದು ಪ್ರೀತಿಯಿಂದ. ಮಾತ್ರೆ ಬಿಡಿಸಿದ್ದು, ನನ್ನಿಂದ ಮುಚ್ಚಿಟ್ಟಿದ್ದು ತಪ್ಪು. ಈಗ ಕಷಾಯ ನಿಲ್ಲಿಸೋಣ. ಒಂದು ಚೂರು ನನ್ನ ಹತ್ತಿರ ಇರಲಿ, ಗಿಡಮರ ಬಲ್ಲವರಿಗೆ ತೋರಿಸ್ತೀನಿ."

ಅಜ್ಜಿ ಕಣ್ಣೊರೆಸಿಕೊಂಡು ಎರಡು ಚೂರು ಕೊಟ್ಟಳು.

ರಂಜಿತಳಿಗೆ ಎರಡು ಬಾಟಲಿ ರಕ್ತ ಕೊಟ್ಟು, ಹತ್ತು ದಿನ ಆಸ್ಪತ್ರೆಯಲ್ಲಿರಿಸಿಕೊಂಡು ಮನೆಗೆ ಕಳುಹಿಸಿದರು. ಅಂದಿನಿಂದ ಊಟವಾದೊಡನೆ ಅಜ್ಜಿ ಹಳದಿ ಮಾತ್ರೆಯನ್ನು ಅದೇ ಕಂಚಿನ ಬಟ್ಟಲಿನಲ್ಲಿಟ್ಟು, ಹಿಂದಿನಂತೆಯೇ ಹೆಸರು ಹೇಳದೆ ಮೊಮ್ಮಗಳ ಮುಂದೆ ಹಿಡಿಯುವಳು.

"ಅಜ್ಜಿ, ಈ ಮದ್ದಿನ್ ಎಸ್ರೇನು?" ಎಂದು ರಂಜಿತ ಒಂದು ದಿನ ಕೆಣಕಿದಳು.

"ನನ್ ನಾಲ್ಗೆ ಎಲ್ಲವ್ವ ತಿರುಗ್ತದೆ ಅದ್ಕೆ? ನೀನೇ ಜೋರಾಗ್ ಏಳು, ಬೀದಿಗೆಲ್ಲಾ ಕೇಳ್ಲಿ!"

ಓದುವ ತಾಯಂದಿರೇ, ನಿಮ್ಮ ಮನೆಯ ಕಷಾಯದ ಮೇಲೆ ಗೌರವವಿರಲಿ. ಆದರೆ ಮಲದಲ್ಲಿ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಬರೆದುಕೊಟ್ಟ ಮಾತ್ರೆಯನ್ನು ಕೇಳದೆ ಬಿಡಬೇಡಿ. ಕುಡಿಯುತ್ತಿರುವ ನಾರುಬೇರಿನ ಸಂಗತಿಯನ್ನು ಡಾಕ್ಟರಿಗೆ ಹೇಳಿ. ಹೇಳಲು ಬಾಯಿ ಬಾರದಿದ್ದರೆ ಸೆರಗಿಗೆ ಕಟ್ಟಿಕೊಂಡು ಹೋಗಿ, ಗಂಟು ಬಿಚ್ಚಿ ತೋರಿಸಿ.